‘ಪ್ರೀತಿಗೂ ಸಂಬಳ ಕೇಳೋದಾ, ಮೇಡಂ?’

(ಗುರುತು ಸಿಗದಂತೆ ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ಸುಮಾ ಒಂಬತ್ತು ವರ್ಷದಿಂದ ಶಿಶುಪಾಲನಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಾರೆ. ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಸಂಬಳದ ಮಾತು ಮೊದಲ ದಿನ ಬರಲೇ ಇಲ್ಲ. ಎರಡನೆಯ ಭೇಟಿಯಲ್ಲಿ, ಎದ್ದು ಹೊರಡುವ ಹೊತ್ತಿಗೆ ಹೇಳಿದರು: “ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿಗೆ ಕರೀತಿದ್ದಾರೆ ಮೇಡಂ. ಇಲ್ಲಿಗಿಂತ ಜಾಸ್ತಿ ಕೊಡ್ತಾರೆ. ಆದರೆ ಒಂದು ಪಾಪು ಇದೆ, ನನ್ನ ಹೆಗಲ ಮೇಲಲ್ಲದೆ ಮಲಗೋದೇ ಇಲ್ಲ.” ಹೇಳುತ್ತಲೇ ಅತ್ತರು. ಮತ್ತೆ ಕೂರಿಸಿದೆ.

ಒಮ್ಮೆ ಸಂಬಳ ಜಾಸ್ತಿ ಮಾಡಿ ಎಂದು ಕೇಳಿದ್ದರಂತೆ. ಮೇಲಿನವರು ಎರಡು ಮಾತು ಹೇಳಿದರು. “ಫೀಸು ಏರಿಸಿದರೆ ತಂದೆ ತಾಯಂದಿರು ಎಲ್ಲಿಗೆ ಹೋಗಬೇಕು?” ಇದು ಒಂದು. “ನೀವು ದುಡ್ಡಿಗಾಗಿ ಮಾಡೋರಲ್ಲ ಅಂದುಕೊಂಡಿದ್ದೆ.” ಇದು ಇನ್ನೊಂದು. ನಿದ್ದೆ ಕೆಡಿಸಿದ್ದು ಎರಡನೆಯದು.

ಎರಡನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಅವರ ಮುಂದಿಟ್ಟೆ. ಮೊದಲನೆಯದು ಲೆಕ್ಕದ ಮಾತು, ಸುಳ್ಳೇನಲ್ಲ. ವರ್ಷ ತುಂಬದ ಕೂಸುಗಳಾದರೆ ಒಬ್ಬರು ಮೂರೋ ನಾಲ್ಕೋ ಮಕ್ಕಳನ್ನು ನೋಡಿಕೊಳ್ಳಬಹುದು, ಅಷ್ಟೇ. ಯಂತ್ರ ತಂದು ಹತ್ತು ಮಾಡಲು ಆಗುವುದಿಲ್ಲ. ಹಾಗಾಗಿ ಒಂದು ಸಂಬಳವನ್ನು ಮೂರ್ನಾಲ್ಕು ಮನೆಗಳೇ ಹೊರಬೇಕು. ಅವರ ಕೈಯಲ್ಲೂ ಆಗುವುದಿಲ್ಲ. ಉಳಿದ ಭಾರ ಯಾರ ಮೇಲೆ ಬಿತ್ತು?

ಸುಮಾ ಸ್ವಲ್ಪ ಹೊತ್ತು ಸುಮ್ನಿದ್ದರು. “ನನ್ನ ಮೇಲೆ” ಎಂದರು.

ಹೌದು. ಪ್ರತಿ ಮಗುವಿನ ಫೀಸಿನಲ್ಲಿ ಒಂದು ಪಾಲನ್ನು ಅವರು ತಮ್ಮ ಕಡಿಮೆ ಸಂಬಳದಿಂದ ತುಂಬುತ್ತಿದ್ದಾರೆ. ಇದಕ್ಕೆ ಮೂರನೆಯ ಕೈ ಬೇಕು, ಸರ್ಕಾರದ್ದು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1997ರಲ್ಲಿ ತಂದೆ ತಾಯಿ ಕೊಡುವುದು ದಿನಕ್ಕೆ 5 ಡಾಲರ್ ಎಂಬ ವ್ಯವಸ್ಥೆ ಶುರುವಾಯಿತು. ಉಳಿದದ್ದು ಸರ್ಕಾರದ ಹಣ. ಶಾಲೆಗೆ, ರಸ್ತೆಗೆ ಎಲ್ಲರ ತೆರಿಗೆ ಹಣ ಹೋಗುತ್ತದೆ, ಅಲ್ವಾ? ಕೂಸುಗಳನ್ನು ನೋಡಿಕೊಳ್ಳುವುದಕ್ಕೂ ಹೋಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆದರೆ ಫೀಸು ಇಳಿಸಲು ಹಣ ಕೊಟ್ಟು ಸಂಬಳ ಮರೆತರೆ, ಮಕ್ಕಳು ತುಂಬುತ್ತಾರೆ, ನೋಡಿಕೊಳ್ಳುವವರು ಇರುವುದಿಲ್ಲ. ಕೊಡುವ ಹಣದಲ್ಲಿ ಸಂಬಳದ ಪಾಲು ಎಷ್ಟೆಂದು ಮೊದಲೇ ಬರೆದಿಡಬೇಕು.

ಎರಡನೆಯ ಚೀಟಿಯನ್ನು ಮಡಚಿಟ್ಟುಬಿಡಿ ಎಂದೆ. ಅಳುವ ಮಗುವಿನ ಮುಂದೆ ತನ್ನ ಸುಸ್ತು ಅಡಗಿಸಿ ನಗುವುದೂ ದುಡಿಮೆಯೇ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಇಂಥದ್ದನ್ನು ಭಾವನೆಯ ದುಡಿಮೆ ಎಂದು ಕರೆದರು. ಸಂಬಳ ಕೇಳಿದ ಮಾತ್ರಕ್ಕೆ ಆ ಪಾಪುವಿನ ಮೇಲಿನ ಪ್ರೀತಿ ಚೂರೂ ಕಡಿಮೆಯಾಗಿಲ್ಲ.

ನಿದ್ದೆಗೆಟ್ಟ ಸ್ಥಿತಿಯಲ್ಲಿ ಕೆಲಸ ಬಿಡುವ ತೀರ್ಮಾನ ಬೇಡ, ಎರಡು ವಾರ ತಡೆಯಿರಿ ಎಂದೆ. ಅಷ್ಟರಲ್ಲಿ ಸಂಬಳವಿಲ್ಲದೆ ಮಾಡಿದ ಹೊತ್ತನ್ನೆಲ್ಲ ಬರೆದಿಡಿ: ಬೇಗ ಬಂದದ್ದು, ತಡವಾಗಿ ಕರೆದುಕೊಂಡು ಹೋದ ಮಗುವಿಗಾಗಿ ಕಾದದ್ದು. ಇನ್ನೊಮ್ಮೆ ಕೇಳಲು ಒಬ್ಬರೇ ಹೋಗಬೇಡಿ. ಜೊತೆಗೆಲಸದವರಿರಲಿ, ಸಾಧ್ಯವಾದರೆ ತಂದೆ ತಾಯಂದಿರೂ ಇರಲಿ. ಅರ್ಜಿ ಕೇಂದ್ರಕ್ಕೆ ಮಾತ್ರವಲ್ಲ, ನೀವು ಮತ ಹಾಕಿ ಕಳಿಸಿದ ಪ್ರತಿನಿಧಿಗೂ ಹೋಗಲಿ. ಬಿಟ್ಟು ಹೋಗುವುದೇ ಆದರೆ ಅದು ದ್ರೋಹವಲ್ಲ. ಹೊಸಬರ ಹೆಗಲು ಪಾಪುವಿಗೆ ಅಭ್ಯಾಸವಾಗುವವರೆಗೆ ಕೆಲವು ದಿನ ಇಬ್ಬರೂ ಜೊತೆಗಿರಿ.

ಮೂರನೆಯ ಭೇಟಿಗೆ ಸುಮಾ ಒಂದು ನೋಟ್‌ಬುಕ್ ತಂದಿದ್ದರು. ಹನ್ನೊಂದು ದಿನದ ಲೆಕ್ಕ. ಕೊನೆಯ ಪುಟದಲ್ಲಿ ಅರ್ಜಿಯ ಕರಡು, ಕೆಳಗೆ ಐದು ಸಹಿ. ಒಂದು ಆ ಪಾಪುವಿನ ಅಮ್ಮನದು.