ಓದುಗರ ಪ್ರಶ್ನೆ: ಹಡಗಿನ್ಯಾಗ ಟೇಬಲ್ ಹಿಡಿಯೋದು ಹೆಂಗ್ರಿ?

ಹೋದ ಸಂಚಿಕೆಯೊಳಗ ನಾವು ಗಂಡ ಹೆಂಡ್ತಿ ಸಿಂಗಾಪುರದಿಂದ ಕ್ರೂಸ್ ಹೋಗಿ ಬಂದಿದ್ದು ಬರದಿದ್ದೆ. ವೀಸಾ ಕೇಳ್ತಾರ, ಟಿಕೆಟ್ ರೇಟ್ ಕೇಳ್ತಾರ ಅಂತ ತಯಾರಾಗಿ ಕೂತ್ರ ಬಂದ ಪತ್ರ ಅಷ್ಟೂ ಊಟದ್ದೇ. ಅದ್ರಾಗೂ ಬ್ಯಾರೆ ರೊಕ್ಕ ಕೊಟ್ಟು ಮೊದಲೇ ಟೇಬಲ್ ಹಿಡಿಬೇಕಾದ ಸ್ಪೆಷಾಲಿಟಿ ರೆಸ್ಟೋರೆಂಟ್ ಬಗ್ಗೆನ ಭಾಳ ಮಂದಿ ಕೇಳ್ಯಾರ, ಹಂಗಾಗಿ ಈ ಸಲ ಅದೊಂದೇ.

ಪ್ರಶ್ನೆ: ಡಿಸೆಂಬರಿಗೆ ನಮ್ಮ ಮದಿವಿ ಆಗಿ 25 ವರ್ಷ. ಸಿಂಗಾಪುರದಿಂದ 4 ರಾತ್ರಿದ ರಾಯಲ್ ಕೆರಿಬಿಯನ್ ಕಂಪನಿ ಕ್ರೂಸ್ ಬುಕ್ ಮಾಡೀವಿ. ಏಜೆಂಟ್ ದಿನಾ ಫೋನ್ ಮಾಡಿ ‘ಸರ್ ರೆಸ್ಟೋರೆಂಟ್ ಈಗ್ಲೇ ಹಿಡೀರಿ, ಆಮ್ಯಾಲೆ ಸಿಗಂಗಿಲ್ಲ’ ಅಂತ ಹೆದರಸಾಕತ್ತಾನ. ಹಿಡೀಲಿಲ್ಲಂದ್ರ ಉಪವಾಸೇನ್ರಿ? (ಓದುಗರು, ಟಿಳಕವಾಡಿ, ಬೆಳಗಾವಿ)

ಉತ್ತರ: ಉಪವಾಸ ಎಲ್ಲಿದ್ರಿ, ಪ್ಯಾಂಟಿನ ಗುಂಡಿ ಸಡ್ಲ ಮಾಡ್ಕೊಂಡು ಇಳೀತೀರಿ. ನೀವು ಕೊಟ್ಟ ರೊಕ್ಕದಾಗ ಮೇನ್ ಡೈನಿಂಗ್ ರೂಮಿನ ಊಟ, ಮ್ಯಾಲಿನ ಡೆಕ್ಕಿನ ಬಫೆ ಎಲ್ಲಾ ಸೇರೇತಿ. ಸ್ಪೆಷಾಲಿಟಿ ಅನ್ನೋವು ಅದರ ಮ್ಯಾಲ ಬ್ಯಾರೆ ಬಿಲ್ಲಿನವು, ಚಾಪ್ಸ್ ಗ್ರಿಲ್ ಅನ್ನೋ ಸ್ಟೇಕ್ ಹೌಸು (ಸುಟ್ಟ ಮಾಂಸದ ಹೋಟೆಲು), ಇಜುಮಿ ಅನ್ನೋ ಜಪಾನಿ ಹೋಟೆಲು, ಒಂದು ಇಟಾಲಿಯನ್ ಹೋಟೆಲು, ಇಂಥಾವು. ಕೆಲವು ಕಡೆ ತಲಿಗೆ ಇಷ್ಟು ಅಂತ ಕವರ್ ಚಾರ್ಜ್, ಕೆಲವು ಕಡೆ ತಿಂದಷ್ಟಕ್ಕ. ಸೀಟ್ ಯಾಕ ಸಿಗಂಗಿಲ್ಲ ಅಂದ್ರ, ಅವರ ಕ್ವಾಂಟಮ್ ಕ್ಲಾಸ್ ಅನ್ನೋ ದೊಡ್ಡ ಹಡಗಿನ್ಯಾಗ 4 ಸಾವಿರದ ಮ್ಯಾಲ ಪ್ರಯಾಣಿಕರು, ಆದ್ರ ಒಂದೊಂದು ಸ್ಪೆಷಾಲಿಟಿ ಖೋಲಿ ನಮ್ಮೂರಿನ ಮಧ್ಯಮ ಹೋಟೆಲಿನಷ್ಟ. ಎಲ್ಲಾರಿಗೂ ಸಂಜಿ 7ರಿಂದ 8ರ ಒಳಗನ ಕೂಡಬೇಕು, ಅದಕ್ಕ ಗದ್ದಲ.

ಏಜೆಂಟ್ ಹೇಳಿದ್ದು ಅರ್ಧ ಖರೆ. ಮೊದಲೇ ಹಿಡಿಯೋದು ಚಲೋ, ಆದ್ರ ಅವನ ಕೈಲೇ ಆಗಬೇಕಂತ ಏನಿಲ್ಲ. ನಿಮ್ಮ ಬುಕಿಂಗ್ ನಂಬರ್ ಹಾಕಿ ಕಂಪನಿ ವೆಬ್‌ಸೈಟಿನ್ಯಾಗ ಲಾಗಿನ್ ಆದ್ರ ಕ್ರೂಸ್ ಪ್ಲ್ಯಾನರ್ ಅಂತ ಬರ್ತೈತಿ, ಅಲ್ಲಿ ದಿನ, ಟೈಮು ಎಲ್ಲಾ ಕಾಣಿಸ್ತೈತಿ. ಹಡಗ ಹತ್ತಿದ ಮ್ಯಾಲ ಕೊಡೋದಕ್ಕಿಂತ ಅಲ್ಲಿ ರೇಟ್ ಸಾಮಾನ್ಯವಾಗಿ ಕಡಿಮಿ ಇರ್ತೈತಿ, ಆದ್ರ ಅದು ನಮ್ಮ ಎಪಿಎಂಸಿ ಉಳ್ಳಾಗಡ್ಡಿ ರೇಟ್ ಇದ್ದಂಗ, ಇವತ್ತೊಂದು ನಾಳಿಗೊಂದು, ಹಿಂಗಾಗಿ ಒಮ್ಮೆ ಹಿಡಿದಿಟ್ಟು ಆವಾಗಾವಾಗ ನೋಡಕೋತ ಇರ್ರಿ, ಇಳಿದ್ರ ಹಳೇದು ಕ್ಯಾನ್ಸಲ್ ಮಾಡಿ ಹೊಸಾದು ಹಿಡೀರಿ, ಹೊರಡೂ ಮುಂಚೆ ಕ್ಯಾನ್ಸಲ್ ಮಾಡಿದ್ರ ರೊಕ್ಕ ವಾಪಸ್ ಬರ್ತೈತಿ. ಬಿಲ್ ಡಾಲರಿನ್ಯಾಗ. ಅದರ ಮ್ಯಾಲ 18% ಗ್ರ್ಯಾಚುಯಿಟಿ, ಅಂದ್ರ ಟಿಪ್, ಅದರ ಮ್ಯಾಲ ಡಾಲರಿನ್ಯಾಗ ಕೊಟ್ಟಿದ್ದಕ್ಕ ನಿಮ್ಮ ಬ್ಯಾಂಕ್ ಹಾಕೋ ಫಾರೆಕ್ಸ್ ಮಾರ್ಕಪ್. ಸ್ಕ್ರೀನಿನ ಮ್ಯಾಲ ಕಂಡಿದ್ದಕ್ಕ ಐದನೇ ಒಂದು ಪಾಲಿಗಿಂತ ತುಸು ಹೆಚ್ಚ ಸೇರಿಸಿ ಲೆಕ್ಕ ಹಿಡೀರಿ.

ಅನ್‌ಲಿಮಿಟೆಡ್ ಡೈನಿಂಗ್ ಪ್ಯಾಕೇಜ್ ಅಂತ ಒಂದು ತೋರಿಸ್ತಾರ, ಪೂರಾ ಟ್ರಿಪ್ ಎಲ್ಲಾ ಸ್ಪೆಷಾಲಿಟಿಯೊಳಗೂ ತಿನ್ರಿ ಅಂತ. 4 ರಾತ್ರಿಗೆ ನಾ ಆದ್ರ ಕೊಡಂಗಿಲ್ಲ. ಒಂದ ಸಂಜಿ ಸಾಕು, ಅದೂ ನಿಮ್ಮ ಮದಿವಿಗೆ 25 ವರ್ಷ ತುಂಬೋ ದಿನದ್ದು.

ಈಗ ಎಲ್ಲಾದಕ್ಕಿಂತ ದೊಡ್ಡ ಮಾತು. ಟೇಬಲ್ ಹಿಡಿಯೂ ಮುಂಚೆ ಮೆನು ಓದ್ರಿ ಮಾರಾಯ್ರ! ಟೇಬಲ್ ಸಿಗತೈತೋ ಇಲ್ಲೋ ಅನ್ನೋ ಗಡಿಬಿಡಿಯೊಳಗ ಅಲ್ಲಿ ನಾವು ತಿನ್ನೂ ಅಂಥಾದು ಏನೈತಿ ಅಂತ ಯಾರೂ ನೋಡಂಗಿಲ್ಲ. ನೀವು ಶಾಕಾಹಾರಿ ಇದ್ರ ಸ್ಟೇಕ್ ಹೌಸಿಗೆ ಪೂರಾ ಕವರ್ ಚಾರ್ಜ್ ಕೊಟ್ಟು ಹೋಗಿ ಸುಟ್ಟ ಬಟಾಟಿ, ಅಣಬಿ, ಬೆಣ್ಣಿ ಹಾಕಿದ ಪಾಲಕ್ ತಿಂದು ಬರ್ತೀರಿ. ಅದ ಮೇನ್ ಡೈನಿಂಗಿನ್ಯಾಗ ಮೊದಲನೇ ರಾತ್ರಿ ಹೆಡ್ ವೇಟರ್‌ನ ಕರೆದು ‘ಇಂಡಿಯನ್ ವೆಜಿಟೇರಿಯನ್’ ಅಂತ ಹೇಳಿ ಇಡ್ರಿ. ನಾವು ಹೋದ ಹಡಗು ಬ್ಯಾರೆ, ಆದ್ರ ಮರುದಿನದಿಂದ ದಾಲು, ಪಲ್ಯಾ, ರೋಟಿ ಬಂತು, ನಯಾಪೈಸಾ ಬ್ಯಾರೆ ಇಲ್ಲ. ಶಾಕಾಹಾರಿಗಳಿಗೆ ರೊಕ್ಕ ಕೊಟ್ಟಿದ್ದು ಸಾರ್ಥಕ ಅನಸೋದು ಇಟಾಲಿಯನ್ನು. ಮಾಂಸ ತಿನ್ನೋರಿದ್ರ ಮಾತ ಬ್ಯಾರೆ, ಆವಾಗ ಸ್ಟೇಕ್ ಹೌಸಿಗೆ ಹೋಗ್ರಿ, ಬರೇ ಫಾರ್ಮಲ್ ನೈಟ್, ಅಂದ್ರ ಎಲ್ಲಾರೂ ಚಂದಾಗಿ ಡ್ರೆಸ್ ಮಾಡ್ಕೊಂಡು ಊಟಕ್ಕ ಬರೋ ರಾತ್ರಿ, ಯಾವತ್ತು ಅಂತ ಕೇಳ್ಕೊಂಡು ಆ ದಿನ ಬಿಟ್ಟು ಹಿಡೀರಿ, ಯಾಕಂದ್ರ ಅವತ್ತು ಮೇನ್ ಡೈನಿಂಗಿನ್ಯಾಗನ ಚಲೋ ಚಲೋದು ಮಾಡಿರ್ತಾರ.

ಪ್ರಶ್ನೆ: ನಾವು ಜೈನರು, ಸೂರ್ಯ ಮುಳುಗಿದ ಮ್ಯಾಲ ಉಣ್ಣಂಗಿಲ್ಲ, ಗಡ್ಡಿ ತಿನ್ನಂಗಿಲ್ಲ. ಮಗ ಮುಂಬೈಯಿಂದ ಕಾರ್ಡೆಲಿಯಾ ಕಂಪನಿದು ಇಲ್ಲಾಂದ್ರ ಸಿಂಗಾಪುರದಿಂದ ಯಾವುದಾರ ಕ್ರೂಸ್ ಅಂತಾನ. ಸ್ಪೆಷಾಲಿಟಿ ನಮಗ ಆಗತೈತೇನು? (ಓದುಗರು, ಚಿಕ್ಕೋಡಿ)

ಉತ್ತರ: ಈ ಪ್ರಶ್ನೆ ಓದಿ ಖುಷಿ ಆತು, ಯಾಕಂದ್ರ ಇದಕ್ಕ ಉತ್ತರ ಹಡಗಿನ್ಯಾಗಲ್ಲ, ಸೂರ್ಯನ ಹಂತ್ಯಾಕ ಐತಿ. ಸಿಂಗಾಪುರ ಭೂಮಧ್ಯರೇಖೆ ಬಾಜೂಕ ಐತಿ, ಗಡಿಯಾರನೂ ನಮಗಿಂತ ಎರಡೂವರಿ ತಾಸು ಮುಂದ ಇಟ್ಕೊಂಡಾರ, ಹಿಂಗಾಗಿ ವರ್ಷಪೂರ್ತಿ ಅಲ್ಲಿ ಹೊತ್ತು ಮುಳಗೋದು ಹತ್ತಿಪ್ಪತ್ತು ನಿಮಿಷ ಆಚೀಚಿ ಸಂಜಿ 7ಕ್ಕ. ಮುಂಬೈ, ಗೋವಾ ಕಡೆ ಡಿಸೆಂಬರಿನ್ಯಾಗ ಸುಮಾರು 6ಕ್ಕ ಮುಗೀತು. ಸಿಂಗಾಪುರದ ಹಡಗಿನ್ಯಾಗ ಸ್ಪೆಷಾಲಿಟಿ ಸಾಮಾನ್ಯವಾಗಿ 5, 5:30ರ ಸುಮಾರು ಬಾಗಲಾ ತಗೀತಾರ, ಅದ ಮೊದಲನೇ ಸ್ಲಾಟ್ ಯಾರಿಗೂ ಬ್ಯಾಡಾದ ಸ್ಲಾಟ್, ಕೊನೀಗಂಟಾ ಖಾಲಿ ಉಳಿದಿರ್ತೈತಿ. ಮಂದಿಗೆ ಬ್ಯಾಡಾಗಿದ್ದು ನಿಮಗ ಪರಮಾನ್ನ. ಒಂದು ತಾಸಿನ್ಯಾಗ ಎಲ್ಲಾ ತಂದು ಕೊಡ್ರಿ ಅಂತ ಕುಂದ್ರೂವಾಗನ ಹೇಳ್ರಿ, ಇಲ್ಲಾಂದ್ರ ಅವರು ಒಂದೊಂದ ತಾಟು ತಂದು ಎರಡು ತಾಸು ಎಳೀತಾರ.

ಕಾರ್ಡೆಲಿಯಾದ್ದು ಎಂಪ್ರೆಸ್ ಅನ್ನೋ ಹಡಗು, 1990ರಾಗ ಕಟ್ಟಿದ್ದು, ಮೊದಲು ರಾಯಲ್ ಕೆರಿಬಿಯನ್ ಹಂತ್ಯಾಕ ಇತ್ತು, 2021ರಿಂದ ಇಲ್ಲಿ ಓಡಾಕತ್ತೈತಿ. ಅದ್ರಾಗ ಟಿಕೆಟಿನ ಊಟದಾಗನ ಜೈನ್ ಊಟ ಕೊಡ್ತಾರ, ಬುಕ್ ಮಾಡೂವಾಗ ಬರಸ್ರಿ. ಬ್ಯಾರೆ ರೊಕ್ಕದ ಚಾಪ್‌ಸ್ಟಿಕ್ಸ್ ಅನ್ನೋದು ಏಷ್ಯನ್ ಊಟದ್ದು, ನಿಮಗ ಅದು ಬ್ಯಾಡ್ರಿ, ಆ ಅಡಗಿಗೆ ಬಳ್ಳೊಳ್ಳಿ ಇಲ್ದ ದಿಕ್ಕಿಲ್ಲ. ಕೇಳಬೇಕಾದ್ದು ಒಂದ: ರಾತ್ರಿ ಊಟ ಎಷ್ಟಕ್ಕ ಸುರು? 6ರ ಮ್ಯಾಲ ಅಂದ್ರ ನಿಮ್ಮ ತಾಟು ಬೇಗ ಮಾಡಿ ಕೊಡ್ತಾರೇನು ಅಂತ ಟಿಕೆಟ್ ತಗೊಳ್ಳೂ ಮುಂಚೆನ ಬರವಣಿಗೆಯೊಳಗ ತಗೋರಿ.

ಇನ್ನ ಹೊರದೇಶದ ಹಡಗಿನ್ಯಾಗ ‘ವೆಜ್’ ಅನ್ನೋ ಮಾತ ನಂಬಬ್ಯಾಡ್ರಿ. ಥಾಯ್ ಸಾರಿನ್ಯಾಗ ಮೀನಿನ ಸಾಸ್, ಸೀಸರ್ ಸಲಾಡಿನ ಡ್ರೆಸ್ಸಿಂಗಿನ್ಯಾಗ ಸಣ್ಣ ಮೀನು, ಮೂಸ್ ಅನ್ನೋ ಸಿಹಿಯೊಳಗ ಪ್ರಾಣಿ ಎಲುಬು, ಚರ್ಮದಿಂದ ಮಾಡಿದ ಜಿಲೆಟಿನ್. ಖರೇ ಪಾರ್ಮೆಸಾನ್ ಚೀಸ್ ಮಾಡೋದು ಹಾಲು ಒಡಿಯಾಕ ಕರುವಿನ ಹೊಟ್ಟಿಯಿಂದ ತಗದ ರೆನೆಟ್ ಹಾಕಿ, ಅಂದ್ರ ಇಟಾಲಿಯನ್ ಅಂತ ನಾ ಮ್ಯಾಲ ಹೊಗಳಿದ್ದು ನಿಮಗ ಲಾಗೂ ಆಗಂಗಿಲ್ಲ. ರಿಸರ್ವೇಶನ್ ಮಾಡೂವಾಗ ಸ್ಪೆಷಲ್ ರಿಕ್ವೆಸ್ಟ್ ಅಂತ ಒಂದು ಡಬ್ಬಿ ಇರ್ತೈತಿ, ಅಲ್ಲಿ ಬರೇ ‘ಜೈನ್’ ಅಂತ ಬರದ್ರ ಅಡಗಿಯಂವಗ ತಿಳಿಯಂಗಿಲ್ಲ, ಉಳ್ಳಾಗಡ್ಡಿ ಬ್ಯಾಡ, ಬಳ್ಳೊಳ್ಳಿ ಬ್ಯಾಡ, ಬಟಾಟಿ ಗಜ್ಜರಿ ಬ್ಯಾಡ, ತತ್ತಿ ಬ್ಯಾಡ ಅಂತ ಒಂದೊಂದ ಬಿಡಿಸಿ ಬರೀರಿ, ಹಡಗ ಹತ್ತಿದ ಮ್ಯಾಲ ಮತ್ತ ಹೋಗಿ ಹೇಳ್ರಿ.

ಪ್ರಶ್ನೆ: ಅಣ್ಣತಮ್ಮರ ಸಂಸಾರ ಎಲ್ಲಾ ಕೂಡಿ 14 ಮಂದಿ, ಅದ್ರಾಗ 5 ಹುಡುಗ್ರು. ಆ್ಯಪಿನ್ಯಾಗ 14 ಅಂತ ಹಾಕಿದ್ರ ಯಾವ ಟೈಮೂ ಇಲ್ಲ ಅಂತೈತಿ. (ಓದುಗರು, ವಿದ್ಯಾಗಿರಿ, ಬಾಗಲಕೋಟೆ)

ಉತ್ತರ: ಜಾಗಾ ಇಲ್ಲಂತಲ್ಲ, ಅಷ್ಟು ಮಂದಿದು ಒಂದ ಟೇಬಲ್ ಅದಕ್ಕ ಗೊತ್ತಿಲ್ಲ. 4, 4, 6 ಅಂತ ಒಡದು ಒಂದ ಟೈಮಿಗೆ ಹಾಕ್ರಿ, ಆಮ್ಯಾಲ ಹಡಗ ಹತ್ತಿದ ದಿನ ಆ ರೆಸ್ಟೋರೆಂಟಿಗೆ ನಡಕೋತ ಹೋಗಿ ಮೂರೂ ಬಾಜೂಕ ಬಾಜೂಕ ಹಾಕ್ರಿ ಅಂತ ಕೇಳ್ರಿ, ಫೋನಿಗಿಂತ ಮುಖ ನೋಡಿ ಕೇಳಿದ್ರ ಕೆಲಸ ಆಗತೈತಿ. ಹುಡುಗ್ರಿಗೆ ಟೆಪ್ಪನ್ಯಾಕಿ ಭಾಳ ಸೇರ್ತೈತಿ, ಅಡಗಿಯಂವ ಕಣ್ಣ ಮುಂದನ ಕಬ್ಬಿಣದ ಹಂಚಿನ ಮ್ಯಾಲ ಸೌಟು ಹಾರಿಸಿ ಆಟಾ ತೋರಿಸ್ತಾನ, ಆದ್ರ ಅಲ್ಲಿ ಕುರ್ಚಿ ಭಾಳ ಕಡಿಮಿ, ಅದ ಮೊದಲು ತುಂಬ್ತೈತಿ. ಮತ್ತ ನಿಮ್ಮನಿಯಾಗ ಅಜ್ಜಿ ಇದ್ರ ಹೇಳಿಬಿಡ್ರಿ, ಒಂದ ಹಂಚಿನ ಮ್ಯಾಲ ಕೋಳಿನೂ ಬೇಯತೈತಿ, ಕಾಯಿಪಲ್ಲೆನೂ ಬೇಯತೈತಿ. ಬ್ಯಾರೆ ಕಂಪನಿ ನೋಡ್ತಿದ್ರ ಇದೂ ತಿಳ್ಕೋರಿ: ನಾರ್ವೀಜಿಯನ್‌ನ್ಯಾಗ ಸ್ಪೆಷಾಲಿಟಿ ಬುಕಿಂಗ್ 120 ದಿನ ಮುಂಚೆನ ತಗೀತೈತಿ, ಡಿಸ್ನಿ ಹಡಗಿನ ಪಾಲೋ ಅನ್ನೋ ಸ್ಪೆಷಾಲಿಟಿ ರೆಸ್ಟೋರೆಂಟಿನ್ಯಾಗ 18 ತುಂಬದವರನ್ನ ಒಳಗ ಬಿಡಂಗಿಲ್ಲ, ಓಷಿಯಾನಿಯಾದಾಗ ಸ್ಪೆಷಾಲಿಟಿಗೆ ಬ್ಯಾರೆ ರೊಕ್ಕ ಇಲ್ಲ ಆದ್ರ ಟೇಬಲ್ ಹಿಡೀಲೇಬೇಕು.

ಪ್ರಶ್ನೆ: ಮುಂದಿನ ವಾರ ಹೊರಡ್ತೀವಿ, ಎಲ್ಲಾ ಫುಲ್ ಅಂತ ತೋರಸಾಕತ್ತೈತಿ. ಕೈ ಬಿಡೂದೇನು? (ಓದುಗರು, ವಿಜಯಪುರ)

ಉತ್ತರ: ಬಿಡಬ್ಯಾಡ್ರಿ. ಕಂಪನಿಯವರು ಎಲ್ಲಾ ಸೀಟ್ ಆನ್‌ಲೈನ್ ಹಾಕಂಗಿಲ್ಲ, ಒಂದಿಷ್ಟು ಹಡಗಿನ್ಯಾಗ ಕೊಡಾಕ ಇಟ್ಕೊಂಡಿರ್ತಾರ. ಹತ್ತಿದ ಕೂಡ್ಲೇ ಎಲ್ಲಾರೂ ಬಫೆಗೆ ಓಡ್ತಾರ, ನೀವು ಆ ರೆಸ್ಟೋರೆಂಟಿನ ಬಾಗಲಕ್ಕ ಹೋಗ್ರಿ, ಅಲ್ಲೇ ಒಬ್ಬಾಕಿ ಟ್ಯಾಬ್ ಹಿಡಕೊಂಡು ನಿಂತಿರ್ತಾಳ. ಮೊದಲನೇ ರಾತ್ರಿ ಖಾಲಿ ಇರ್ತೈತಿ, ಕೆಲವೊಮ್ಮೆ ಅವತ್ತಿಗೆ ರಿಯಾಯ್ತಿನೂ ಕೊಡ್ತಾರ. ಹಡಗು ಬಂದರಿನ್ಯಾಗ ರಾತ್ರಿತನಾ ನಿಲ್ಲೋ ದಿನಾನೂ ಹಂಗ, ಮಂದಿ ಹೊರಗ ತಿಂದು ಬರ್ತಾರ. ದಿನಪೂರ್ತಿ ಸಮುದ್ರದಾಗ ಇರೋ ದಿನ ಮಧ್ಯಾಹ್ನದ ಊಟಕ್ಕ ತಗದಿದ್ರ ಅದನ್ನ ಹಿಡೀರಿ, ರಾತ್ರಿಗಿಂತ ಸೋವಿ. ಕೊನೀದು, ಊಟದ ಹಿಂದಿನ ದಿನ ಆ್ಯಪ್ ನೋಡಕೋತ ಇರ್ರಿ, 24 ತಾಸಿನ ಒಳಗ ಕ್ಯಾನ್ಸಲ್ ಮಾಡಿದ್ರ ದಂಡ ಅನ್ನೋ ರೂಲ್ ಭಾಳ ಕಡೆ ಐತಿ, ಹಂಗಾಗಿ ಮನಸ್ಸು ಬದಲಿಸಿದೋರು ಆ 24 ತಾಸು ಸುರು ಆಗೂ ಸ್ವಲ್ಪ ಮುಂಚೆನ ಬಿಟ್ಟುಕೊಡ್ತಾರ.

ದಂಡ ಅಂದ ಕೂಡ್ಲೇ ನಂದು ನೆನಪಾತು, ನಾ ಕೊಟ್ಟೀನಲ್ರಿ. ಫುಕೆಟ್‌ದಾಗ ಹಡಗು ನಿಂತಿತ್ತು, ಸಂಜಿ 7ಕ್ಕ ಟೇಬಲ್ ಇತ್ತು. ನನ್ನ ಫೋನ್ ದಂಡಿ ಮ್ಯಾಲಿನ ಟವರ್ ಹಿಡಿದು ತಾನ ಥಾಯ್ಲೆಂಡ್ ಟೈಮಿಗೆ ಹೋಗಿಬಿಟ್ಟಿತ್ತು, ಅದು ಸಿಂಗಾಪುರಕ್ಕಿಂತ ಒಂದು ತಾಸು ಹಿಂದ, ಹಡಗು ಸಿಂಗಾಪುರದ ಟೈಮಿನ್ಯಾಗನ ಇತ್ತು. ಹೆಂಡ್ತಿ ತನ್ನ ಕೈಗಡಿಯಾರ ನೋಡಿ ‘ತಡಾ ಆತು’ ಅಂತ ಮೂರ ಸಲ ಅಂದ್ಲು, ನಾ ಫೋನ್ ತೋರಿಸಿ ಸುಮ್ನ ಮಾಡಿದೆ. ಇಸ್ತ್ರಿ ಶರ್ಟ್ ಹಾಕ್ಕೊಂಡು ಹೋದ್ರ ಅಲ್ಲಿ 8, ಟೇಬಲ್ ಬ್ಯಾರೇಯವರಿಗೆ ಕೊಟ್ಟಾಗಿತ್ತು, ಬಿಲ್ ಮಾತ್ರ ನಮ್ಮ ಹೆಸರಿಗೆ. ಫೋನಿನ ಆಟೋಮ್ಯಾಟಿಕ್ ಟೈಮ್ ಬಂದ್ ಮಾಡಿ ಹಡಗಿನ ಟೈಮ್ ಇಡ್ರಿ. ಆ ಕೈಗಡಿಯಾರದ ಮಾತು ಇವತ್ತಿಗೂ ನಮ್ಮನಿಯಾಗ ಮುಗದಿಲ್ಲ.

ಪ್ರಶ್ನೆ: ಸ್ಪೆಷಾಲಿಟಿಗೆ ಕೋಟು ಬೇಕೇನ್ರಿ? ಟಿಪ್ ಎಷ್ಟು ಕೊಡಬೇಕು? (ಓದುಗರು, ಗೋಕಾಕ)

ಉತ್ತರ: ಕೋಟು ಬ್ಯಾಡ. ಕಾಲರ್ ಶರ್ಟ್, ಫುಲ್ ಪ್ಯಾಂಟ್, ಬೂಟು ಸಾಕು, ಹಾಫ್ ಚಡ್ಡಿ, ಬನಿಯನ್, ಹವಾಯಿ ಚಪ್ಪಲಿ ನಡಿಯಂಗಿಲ್ಲ. ಹೆಣ್ಮಕ್ಕಳು ಇಳಕಲ್ ಸೀರಿ ಉಟ್ಟು ಹೋಗ್ರಿ, ನಮ್ಮಾಕಿ ಉಟ್ಟಿದ್ಲು, ಅಲ್ಲಿ ಕೂತಿದ್ದೋರೆಲ್ಲಾ ಹೊಳ್ಳಿ ನೋಡಿದ್ರು. ಟಿಪ್ ಬಿಲ್ಲಿನ್ಯಾಗ ಮೊದಲೇ ಸೇರಿರ್ತೈತಿ, ಸಹಿ ಮಾಡೋ ಚೀಟಿಯೊಳಗ ಕೆಳಗ ‘ಅಡಿಷನಲ್ ಟಿಪ್’ ಅಂತ ಖಾಲಿ ಗೆರಿ ಇದ್ರ ಅಲ್ಲೊಂದು ಗೀಟು ಎಳೀರಿ.

ಪ್ರಶ್ನೆ: ಇಷ್ಟೆಲ್ಲಾ ಯಾಕ್ರಿ, ಮನಿಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದ್ರ? (ಓದುಗರು, ಬಾದಾಮಿ)

ಉತ್ತರ: ಅಂಗಡಿ ಸೀಲ್ ಇರೋ ಪ್ಯಾಕೆಟ್ಟಿಗೆ ಸಾಮಾನ್ಯವಾಗಿ ಏನೂ ಅನ್ನಂಗಿಲ್ಲ, ಮನಿಯಾಗ ಮಾಡಿದ್ದನ್ನ ಭಾಳ ಹಡಗಿನವರು ಬಿಡಂಗಿಲ್ಲ. ನಮ್ಮ ಅಮೀನಗಡ ಕರದಂಟು ಸೀಲ್ ಪ್ಯಾಕ್ ಇತ್ತು, ಪಾಸಾತು. ರೊಟ್ಟಿ ಡಬ್ಬಿ ಒಯ್ಯಾಕ ಬಿಡಂಗಿಲ್ಲ ಅಂತ ಮುಂದಿನ ಸಾಲಿನೋರು ಹೇಳಿದ್ರು, ಒಗ್ಯಾಕ ಮನಸ್ಸ ಬರಲಿಲ್ಲ, ಟರ್ಮಿನಲ್ ಬೆಂಚಿನ ಮ್ಯಾಲ ಕೂತು ಇಬ್ಬರೂ ಸೇರಿ ಎಂಟು ರೊಟ್ಟಿ, ಹಿಂಡಿ ಎಲ್ಲಾ ಮುಗಿಸಿ ಹತ್ತಿದ್ವಿ. ಅವತ್ತ ಮಧ್ಯಾಹ್ನ ಅಷ್ಟುದ್ದ ಬಫೆ ಮುಂದ ಎರಡು ತುಂಡು ಕಲ್ಲಂಗಡಿ ಹಾಕ್ಕೊಂಡು ಕೂತಿದ್ವಿ ನೋಡ್ರಿ.