ಬಲೆನೊಗೆ ಡ್ಯಾಶ್ ಕ್ಯಾಮ್: 4ಕೆ ಆಮೇಲೆ, ಮೊದಲು ಬಿಸಿಲು ಮತ್ತು ಕಾರ್ಡ್

ಸರ್, ನೀವು ಕೇಳಿದ್ದು ಇಷ್ಟು: ಬಲೆನೊ ಕಾರಿಗೆ ಎಂಟು ಸಾವಿರದೊಳಗೆ ಡ್ಯಾಶ್ ಕ್ಯಾಮ್ (ಗಾಜಿಗೆ ಅಂಟಿಸಿ ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ) ಬೇಕು, ತಿಂಗಳಿಗೆರಡು ಸಲ ಬೆಂಗಳೂರಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೀರಿ, ಆಫೀಸಿನ ಹತ್ತಿರ ಕಾರು ಇಡೀ ದಿನ ಬಿಸಿಲಲ್ಲಿ ನಿಲ್ಲುತ್ತದೆ, 4ಕೆ (ಹೆಚ್ಚು ಪಿಕ್ಸೆಲ್, ಅಂದರೆ ಹೆಚ್ಚು ಚುಕ್ಕೆಗಳ ಚಿತ್ರ) ತಗೊಳ್ಳಲಾ, ವೈರಿಂಗ್ ಮಾಡಿಸಿದರೆ ವಾರಂಟಿ ಹೋಗುತ್ತದಾ? ಮೇಲಿನ ಉತ್ತರಗಳಲ್ಲಿ ಎಲ್ಲರೂ ಮಾಡೆಲ್ ಹೆಸರು ಹೇಳಿದ್ದಾರೆ. ನೀವು ಬರೆದದ್ದರಲ್ಲಿ ಮುಖ್ಯವಾದ ಮಾತು ಮಾತ್ರ "ಬಿಸಿಲಲ್ಲಿ ನಿಲ್ಲುತ್ತದೆ" ಅನ್ನುವುದು. ಅಲ್ಲಿಂದಲೇ ಶುರು ಮಾಡೋಣ.

ಗಾಜು ಏರಿಸಿ ಬಿಸಿಲಲ್ಲಿ ಬಿಟ್ಟ ಕಾರಿನಲ್ಲಿ ಮುಂದಿನ ಗಾಜಿನ ಹತ್ತಿರ ಬೇಸಿಗೆಯಲ್ಲಿ 60–70 ಡಿಗ್ರಿವರೆಗೂ ಹೋಗುತ್ತದೆ. ಕ್ಯಾಮೆರಾ ಅಂಟಿಕೊಂಡಿರುವುದು ಅಲ್ಲೇ. ಒಳಗೆ ಲಿಥಿಯಂ ಬ್ಯಾಟರಿ ಇದ್ದರೆ ಒಂದೆರಡು ಬೇಸಿಗೆಯಲ್ಲಿ ಉಬ್ಬುತ್ತದೆ, ಡಬ್ಬಿಯನ್ನೇ ಬಾಯಿ ಬಿಡಿಸುತ್ತದೆ, ಕೀ ತೆಗೆದಾಗ ಕೊನೆಯ ಫೈಲನ್ನು ಉಳಿಸಲಾರದೆ ಹೋಗುತ್ತದೆ. ಗುದ್ದಿದ ಹೊತ್ತಿಗೆ ಕರೆಂಟ್ ಕಡಿದರೆ ನಿಮಗೆ ಬೇಕಾದದ್ದು ಆ ಕೊನೆಯ ಫೈಲೇ. ಹಾಗಾಗಿ ಬ್ಯಾಟರಿ ಬದಲು ಸೂಪರ್ ಕೆಪ್ಯಾಸಿಟರ್ ಇರುವುದನ್ನೇ ತಗೊಳ್ಳಿ. ಅದು ಹಿಡಿದಿಡುವುದು ಕೆಲವೇ ಸೆಕೆಂಡಿನ ಕರೆಂಟ್. ಫೈಲ್ ಮುಚ್ಚಲು ಅಷ್ಟು ಸಾಕು. ವಿವರದ ಪಟ್ಟಿಯಲ್ಲಿ "500 ಎಂಎಎಚ್" ಅಂತ ಕಂಡರೆ ಒಳಗಿರುವುದು ಬ್ಯಾಟರಿ, ಆ ಮಾಡೆಲ್ ಬಿಡಿ. ಒಂದೇ ಕಂಪನಿಯಲ್ಲಿ ಎರಡೂ ಬಗೆ ಇರುತ್ತವೆ, ಹೆಸರು ನೋಡಿ ನಂಬಬೇಡಿ.

ಕೆಪ್ಯಾಸಿಟರ್ ಇರುವ ಕ್ಯಾಮೆರಾ ಕೆಲವು ದಿನ ಕರೆಂಟ್ ಇಲ್ಲದೆ ಕೂತರೆ ಗಡಿಯಾರ ತಪ್ಪುವುದುಂಟು. ವಿಡಿಯೊ ಮೇಲೆ ತಪ್ಪು ತಾರೀಖು ಬಿದ್ದರೆ ಆಮೇಲೆ ವಿವರಣೆ ಕೊಡುತ್ತಾ ಕೂರಬೇಕು. ಜಿಪಿಎಸ್ ಇದ್ದರೆ ಸಮಯ ತಾನಾಗಿ ಸರಿಯಾಗುತ್ತದೆ, ವೇಗವೂ ಜಾಗವೂ ದಾಖಲಾಗುತ್ತವೆ. ಟೈಮ್ ಝೋನ್ +5:30 ಇಡಲು ಮರೆಯಬೇಡಿ.

ಈಗ 4ಕೆ. ಲೆಕ್ಕ ಹಾಕಿ ನೋಡಿ. ಕಾರಿನ ಉದ್ದನೆಯ ನಂಬರ್ ಪ್ಲೇಟ್ 500 ಮಿ.ಮೀ. ಅಗಲ. ಅಡ್ಡಕ್ಕೆ 120 ಡಿಗ್ರಿ ನೋಡುವ 1080ಪಿ (ಅಡ್ಡಕ್ಕೆ 1920 ಪಿಕ್ಸೆಲ್) ಕ್ಯಾಮೆರಾದಲ್ಲಿ ಒಂದು ಡಿಗ್ರಿಗೆ ಸಿಗುವುದು 16 ಪಿಕ್ಸೆಲ್. ಹತ್ತು ಮೀಟರ್ ದೂರದ ಪ್ಲೇಟಿಗೆ ಹೆಚ್ಚೆಂದರೆ 45 ಪಿಕ್ಸೆಲ್, ಅದರಲ್ಲಿ ಹತ್ತು ಅಕ್ಷರ. ಓದಲು ಆಗುವುದಿಲ್ಲ, ಐದು ಮೀಟರ್‌ಗೆ ಬಂದರೆ ಆಗುತ್ತದೆ. 4ಕೆಯಲ್ಲಿ ಈ ದೂರ ಎರಡು ಪಟ್ಟು, 1440ಪಿ ನಡುವೆ ಬರುತ್ತದೆ. ಹಗಲಿನಲ್ಲಿ 4ಕೆಯ ಲಾಭ ನಿಜ. 170 ಡಿಗ್ರಿ ಅಂತ ಹೆಮ್ಮೆಯಿಂದ ಹಾಕುವವರು ಅದೇ ಪಿಕ್ಸೆಲ್‌ಗಳನ್ನು ಇನ್ನೂ ತೆಳ್ಳಗೆ ಹರಡಿರುತ್ತಾರೆ ಅಷ್ಟೆ. 140 ಡಿಗ್ರಿ ಆಸುಪಾಸು ಸಾಕು.

ರಾತ್ರಿ ಲೆಕ್ಕವೇ ಬೇರೆ. ಎದುರಿನ ಗಾಡಿ 60, ನೀವು 60 ಅಂದರೆ ಇಬ್ಬರ ನಡುವಿನ ದೂರ ಸೆಕೆಂಡಿಗೆ 33 ಮೀಟರ್ ಕರಗುತ್ತದೆ. ಕತ್ತಲಲ್ಲಿ ಕ್ಯಾಮೆರಾ ಒಂದು ಚಿತ್ರಕ್ಕೆ 1/30 ಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ ಆ ಗಾಡಿ ಒಂದು ಮೀಟರಿಗಿಂತ ಹೆಚ್ಚು ಹತ್ತಿರ ಬಂದಿರುತ್ತದೆ. ಪ್ಲೇಟ್ ಬರೀ ಬಿಳಿ ಗೆರೆ. ಎಷ್ಟು ಪಿಕ್ಸೆಲ್ ಇದ್ದರೂ ಇದು ಸರಿಹೋಗದು. ರಾತ್ರಿ ಉಪಯೋಗಕ್ಕೆ ಬರುವುದು ಬೆಳಕು ಚೆನ್ನಾಗಿ ಹಿಡಿಯುವ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮತ್ತು ಹೊಳಪು, ಕತ್ತಲು ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸುವ ಎಚ್‌ಡಿಆರ್. ಸೋನಿಯ ಸ್ಟಾರ್ವಿಸ್ 2 ಸಾಲಿನ ಐಎಂಎಕ್ಸ್675 (1440ಪಿ) ಅಥವಾ ಐಎಂಎಕ್ಸ್678 (4ಕೆ) ಇದ್ದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸೆನ್ಸರ್ ಹೆಸರು ಹೇಳದೆ "4ಕೆ ಅಲ್ಟ್ರಾ" ಅಂತ ಮೂರು ಸಾವಿರಕ್ಕೆ ಮಾರುವವುಗಳಲ್ಲಿ ಬಹಳಷ್ಟು, ಚಿಕ್ಕ ಚಿತ್ರವನ್ನು ಹಿಗ್ಗಿಸಿ 4ಕೆ ಅನ್ನಿಸಿದವು. ನಿಮ್ಮ ಬಜೆಟ್ಟಿನಲ್ಲಿ ಒಳ್ಳೆ 1440ಪಿ ಸಿಗುತ್ತದೆ, ಒಳ್ಳೆ 4ಕೆ ಕಷ್ಟ. 1440ಪಿಗೇ ಹೋಗಿ.

ಎಂಟು ಸಾವಿರ ಪೂರ್ತಿ ಕ್ಯಾಮೆರಾಕ್ಕೆ ಸುರಿಯಬೇಡಿ. ಕಾರ್ಡಿಗೆ ಒಂದೂವರೆ ಸಾವಿರ, ಫ್ಯೂಸ್ ಪೆಟ್ಟಿಗೆಯಿಂದ ಕ್ಯಾಮೆರಾಕ್ಕೆ ಕರೆಂಟ್ ಕೊಡುವ ವೈರಿಂಗ್ ಕಿಟ್ಟಿಗೆ ಒಂದು ಸಾವಿರ ಮೊದಲೇ ಎತ್ತಿಡಿ. ಮುಂದೆ 1440ಪಿ, ಹಿಂದೆ 1080ಪಿ ಇದ್ದರೆ ಎರಡೂ ಸೇರಿ ಸೆಕೆಂಡಿಗೆ ಸುಮಾರು 30 ಮೆಗಾಬಿಟ್, ಅಂದರೆ ಗಂಟೆಗೆ 13.5 ಜಿಬಿ. 64 ಜಿಬಿ ಕಾರ್ಡ್ ನಾಲ್ಕೂವರೆ ಗಂಟೆಗೆ ತುಂಬಿ ಹಳೆಯದರ ಮೇಲೆ ಬರೆಯಲು ಶುರು ಮಾಡುತ್ತದೆ. ನೀವು ಮಂಗಳೂರು ಮುಟ್ಟುವಾಗ ನೆಲಮಂಗಲದ ಹತ್ತಿರ ನಡೆದದ್ದು ಕಾರ್ಡಿನಲ್ಲಿ ಇರುವುದಿಲ್ಲ. 128 ಜಿಬಿಯಲ್ಲಿ ಒಂಬತ್ತು ಗಂಟೆ, ಒಂದು ಕಡೆಯ ಪ್ರಯಾಣ ಪೂರ್ತಿ ಕೂರುತ್ತದೆ.

ಕಾರ್ಡ್ "ಹೈ ಎಂಡ್ಯೂರೆನ್ಸ್" (ಸದಾ ಬರೆಯುವುದನ್ನು ತಾಳುವ) ಬಗೆಯದೇ ಆಗಿರಬೇಕು, ಮೇಲೆ ಬರೆಯುವ ವೇಗ ಸೂಚಿಸುವ ಯು3 ಅಥವಾ ವಿ30 ಗುರುತು. ಸ್ಯಾನ್‌ಡಿಸ್ಕ್ ಹೈ ಎಂಡ್ಯೂರೆನ್ಸ್, ಸ್ಯಾಮ್‌ಸಂಗ್ ಪ್ರೊ ಎಂಡ್ಯೂರೆನ್ಸ್ ಇದಕ್ಕೆಂದೇ ಇರುವವು. ಫೋನಿನ ಹಳೆ ಕಾರ್ಡ್ ಹಾಕಿದರೆ ತಿಂಗಳುಗಟ್ಟಲೆ ಬರೆದೂ ಬರೆದೂ ಸವೆದು ಒಂದು ದಿನ ಸುಮ್ಮನಾಗುತ್ತದೆ. ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಲೇ ಇರಬಹುದು, ಒಳಗೆ ಫೈಲ್ ಇರುವುದಿಲ್ಲ. ಡ್ಯಾಶ್ ಕ್ಯಾಮ್ ಕೈಕೊಟ್ಟಿತು ಅನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಇದೇ. ನಕಲಿ ಕಾರ್ಡ್‌ಗಳೂ ಓಡಾಡುತ್ತವೆ. ತಂದ ದಿನವೇ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಕಾರ್ಡ್ ಪರೀಕ್ಷಿಸುವ ಸಾಫ್ಟ್‌ವೇರ್ ಹಾಕಿ ಪೂರ್ತಿ ಬರೆಸಿ ಓದಿಸಿ. ಬೇಕಾದ ಫೈಲ್ ನಕಲು ಮಾಡಿಕೊಂಡು, ತಿಂಗಳಿಗೊಮ್ಮೆ ಕ್ಯಾಮೆರಾದ ಒಳಗಿನಿಂದಲೇ ಫಾರ್ಮ್ಯಾಟ್ ಮಾಡಿ.

ಇದಕ್ಕೇ ಅಂಟಿಕೊಂಡ ಇನ್ನೊಂದು ತೊಂದರೆ ಜಿ-ಸೆನ್ಸರ್. ಹೊಡೆತ ಬಿದ್ದರೆ ಆ ಫೈಲ್ ಅಳಿಸದಂತೆ ಬೀಗ ಹಾಕುವುದು ಅದರ ಕೆಲಸ. ನಮ್ಮ ಹಂಪು, ಗುಂಡಿಗಳಲ್ಲಿ ಅದು ಕಿಲೋಮೀಟರಿಗೊಂದು ಅಪಘಾತ ಎಣಿಸುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಬೀಗ ಬಿದ್ದ ಫೈಲುಗಳೇ ಕಾರ್ಡ್ ತುಂಬಿಕೊಂಡು ರೆಕಾರ್ಡಿಂಗ್ ನಿಂತುಬಿಡುತ್ತದೆ. ಸೆಟ್ಟಿಂಗ್ "ಲೋ" ಇಡಿ. ಲೂಪ್ (ಒಂದೊಂದು ಫೈಲಿನ ಉದ್ದ) 1 ನಿಮಿಷ ಅಥವಾ 3 ನಿಮಿಷ.

ವೈರಿಂಗ್ ಬಗ್ಗೆ. ಕಾರಿನ ಮೂಲ ವೈರ್ ಕತ್ತರಿಸಿ ಜೋಡಿಸಿದರೆ ಸರ್ವಿಸ್ ಸೆಂಟರಿನವರು ವಾರಂಟಿ ತಕರಾರು ತೆಗೆಯಲು ಕಾರಣ ಸಿಗುತ್ತದೆ. ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲಿ ಕೂರಿಸಿ ಇನ್ನೊಂದು ಸಾಲು ತೆಗೆಯುವ ತುಂಡು) ಬಳಸಿದರೆ ಕತ್ತರಿಸುವ ಮಾತೇ ಇಲ್ಲ, ಬೇಕಾದಾಗ ಕಿತ್ತು ಮೊದಲಿನಂತೆ ಮಾಡಬಹುದು. ಕಿಟ್ಟಿನಲ್ಲಿ ಸಾಮಾನ್ಯವಾಗಿ ಮೂರು ವೈರ್: ಕೆಂಪು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ, ಹಳದಿ ಯಾವಾಗಲೂ ಕರೆಂಟ್ ಇರುವ ಫ್ಯೂಸಿಗೆ, ಕಪ್ಪು ಅರ್ತ್‌ಗೆ. ಕೆಲವು ಕಿಟ್ಟಿನಲ್ಲಿ ಕೆಂಪು, ಹಳದಿ ಅದಲುಬದಲು ಇರುತ್ತವೆ, ಅದರ ಚೀಟಿ ಓದಿಯೇ ಮುಟ್ಟಿ. ಕಣ್ಣಂದಾಜು ಬೇಡ, ಮಲ್ಟಿಮೀಟರ್ ಇಟ್ಟು ನೋಡಿ. ಏರ್‌ಬ್ಯಾಗ್, ಎಬಿಎಸ್, ಪವರ್ ಸ್ಟೀರಿಂಗ್, ಎಂಜಿನ್ ಇಸಿಯು ಫ್ಯೂಸುಗಳನ್ನು ಮುಟ್ಟಲೇಬೇಡಿ. ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೊ 2 ಅಂತ ಫ್ಯೂಸಿನ ಅಳತೆ ಬೇರೆಬೇರೆ. ಒಂದನ್ನು ಕಿತ್ತು ನೋಡಿಯೇ ಟ್ಯಾಪ್ ತನ್ನಿ. ಕ್ಯಾಮೆರಾ ಸಾಲಿಗೆ 2 ಅಥವಾ 3 ಆಂಪ್ ಫ್ಯೂಸ್ ಸಾಕು. ಟ್ಯಾಪ್ ಕೂರಿಸಿದ ಮೇಲೆ ಅದರಲ್ಲಿರುವ ಮೂಲ ಫ್ಯೂಸ್ ಕಿತ್ತು ಅಳೆಯಿರಿ: ಕ್ಯಾಮೆರಾ ವೈರಿನಲ್ಲಿ ಆಗಲೂ 12 ವೋಲ್ಟ್ ಇರಬೇಕು. ಇಲ್ಲದಿದ್ದರೆ ಟ್ಯಾಪ್ ತಿರುಗುಮುರುಗಾಗಿದೆ, ಎರಡರ ಭಾರವೂ ಹಳೆ ಫ್ಯೂಸಿನ ಮೇಲೆ ಬೀಳುತ್ತಿದೆ, ತಿರುಗಿಸಿ ಹಾಕಿ. ಅರ್ತ್ ವೈರನ್ನು ಬಣ್ಣವಿಲ್ಲದ, ಕಾರಿನ ಲೋಹದ ಮೈಗೆ ತಾಗುವ ಬೋಲ್ಟಿನ ಕೆಳಗೆ ಬಿಗಿಯಿರಿ.

ಮುಂದಿನದನ್ನು ದಯವಿಟ್ಟು ಅಂಗಡಿಯವನಿಗೂ ಓದಿ ಹೇಳಿ. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಮುಂದಿನ ಗಾಜಿನ ಪಕ್ಕದ ಕಂಬದ ಟ್ರಿಮ್ (ಪ್ಲಾಸ್ಟಿಕ್ ಮುಚ್ಚಳ) ಒಳಗೆ ಏರ್‌ಬ್ಯಾಗ್ ಮಡಚಿ ಕೂತಿರುತ್ತದೆ. ವೈರ್ ಅದರ ಹಿಂದೆ, ಕಂಬದ ಲೋಹಕ್ಕೆ ಅಂಟಿಕೊಂಡು, ಮೊದಲಿಂದಿರುವ ವೈರ್ ಕಟ್ಟಿನ ಜೊತೆ ಇಳಿಯಬೇಕು. ಏರ್‌ಬ್ಯಾಗಿನ ಮುಂದೆ ಅಡ್ಡ ಹಾಯಿಸಿದರೆ ಅದು ಬಿಚ್ಚಿಕೊಳ್ಳುವಾಗ ವೈರ್ ತಡೆಯುತ್ತದೆ, ಇಲ್ಲವೇ ಮುಖಕ್ಕೆ ಹಾರುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸುವ ಆತುರದಲ್ಲಿ ತಪ್ಪುವುದು ಇಲ್ಲೇ. ಇಷ್ಟು ಮಾಡಲು ಒಪ್ಪದವನ ಕೈಗೆ ಕಾರು ಕೊಡಬೇಡಿ. ಲೈಟರ್ ಸಾಕೆಟ್ಟಿನಿಂದ ಕರೆಂಟ್ ಕೊಟ್ಟರೂ ಕ್ಯಾಮೆರಾ ನಡೆಯುತ್ತದೆ. ಹಾಗೆ ಮಾಡುವುದಾದರೆ ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ. ಅಗ್ಗದ್ದು ಹಾಕಿದರೆ ಎಫ್‌ಎಂನಲ್ಲಿ ಗೊರಗೊರ ಸದ್ದು, ಜಿಪಿಎಸ್ ಸಿಗದಿರುವುದು, ಕ್ಯಾಮೆರಾ ಮತ್ತೆ ಮತ್ತೆ ಆಫ್ ಆಗಿ ಆನ್ ಆಗುವುದು ಶುರುವಾಗುತ್ತದೆ.

ಪಾರ್ಕಿಂಗ್ ಮೋಡ್ (ಕಾರು ನಿಂತಾಗಲೂ ರೆಕಾರ್ಡ್ ಮಾಡುವುದು) ಅಗತ್ಯವಾ? ಪೂರ್ತಿ ರೆಕಾರ್ಡಿಂಗ್ 0.3 ಆಂಪ್ ಎಳೆದರೆ ಹತ್ತು ಗಂಟೆಗೆ 3 ಆಂಪಿಯರ್-ಅವರ್. 35 ಆಂಪಿಯರ್-ಅವರ್‌ನ ಕಾರಿನ ಬ್ಯಾಟರಿಗೆ ಒಂದು ದಿನ ಇದು ದೊಡ್ಡದಲ್ಲ. ಆದರೆ ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಹೋದದ್ದು ವಾಪಸ್ ತುಂಬುವುದಿಲ್ಲ. ಕಿಟ್ಟಿನ ಕಟ್-ಆಫ್ (ಬ್ಯಾಟರಿ ಎಷ್ಟಕ್ಕೆ ಇಳಿದರೆ ಕ್ಯಾಮೆರಾಕ್ಕೆ ಕರೆಂಟ್ ನಿಲ್ಲಿಸಬೇಕು ಅನ್ನುವ ಮಿತಿ) 12.2 ವೋಲ್ಟ್ ಅಥವಾ 12.4ಕ್ಕೆ ಇಡಿ. 11.8ಕ್ಕೆ ಬಿಟ್ಟರೆ ಅಷ್ಟು ಹೊತ್ತಿಗೆ ಬ್ಯಾಟರಿ ಬಹುಪಾಲು ಖಾಲಿ. ಮೇಲಾಗಿ ನಿಮ್ಮ ಆಫೀಸಿನ ಬಿಸಿಲಲ್ಲಿ ಕ್ಯಾಮೆರಾ ಹಗಲಿಡೀ ಓಡಿದರೆ ಅದರದೇ ಬಿಸಿ ಸೇರಿ ಆಯಸ್ಸು ಕಡಿಮೆಯಾಗುತ್ತದೆ. ನಿಮಗೆ ನನ್ನ ಸಲಹೆ: ಹಳದಿ ವೈರನ್ನೂ ಕೀ ಹಾಕಿದಾಗ ಬರುವ ಫ್ಯೂಸಿಗೇ ಸೇರಿಸಿ, ಪಾರ್ಕಿಂಗ್ ಮೋಡ್ ಬಿಟ್ಟುಬಿಡಿ.

ಜಾಗ: ಕನ್ನಡಿಯ ಹಿಂದೆ, ಎಡಕ್ಕೆ, ವೈಪರ್ ಒರೆಸುವ ಭಾಗದೊಳಗೆ. ಘಾಟಿಯ ಮಳೆಯಲ್ಲಿ ಅದರ ಹೊರಗೆ ಅಂಟಿಸಿದರೆ ಬರೀ ನೀರು ಕಾಣುತ್ತದೆ. ಗಾಜಿನ ಮೇಲಂಚಿನ ಕಪ್ಪು ಚುಕ್ಕೆಗಳ ಮೇಲೆ ಟೇಪ್ ಸರಿಯಾಗಿ ಹಿಡಿಯದು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬರೀ ಬುಡ ಅಂಟಿಸಿ, ಒಂದು ದಿನ ಬಿಟ್ಟು ಕ್ಯಾಮೆರಾ ತೂಗುಹಾಕಿ. ಹಿಂದಿನ ಕ್ಯಾಮೆರಾ ಹಾಕಿಸಿ, ಸಿಗ್ನಲ್ಲಿನಲ್ಲಿ ಹಿಂದಿನಿಂದ ಗುದ್ದಿದಾಗ ಬೇಕಾಗುವುದು ಅದೇ. ವೈರ್ ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯ ಒಳಗಿಂದಲೇ ಹೋಗಲಿ, ಹೊರಗೆ ಬಿಟ್ಟರೆ ಬಾಗಿಲಿಗೆ ಸಿಕ್ಕಿ ತುಂಡಾಗುತ್ತದೆ. ಹಿಂದಿನ ಗಾಜಿನ ಮಂಜು ಕರಗಿಸುವ ಡಿಫಾಗರ್ ಗೆರೆಗಳ ಮೇಲೆ ಅಂಟಿಸಬೇಡಿ, ಕೀಳುವಾಗ ಗೆರೆಯೂ ಕಿತ್ತುಬರುತ್ತದೆ.

ಮಾಡೆಲ್ ವಿಷಯಕ್ಕೆ ಬಂದರೆ, ಮುಂದೆ ಮಾತ್ರ ಸಾಕೆಂದರೆ ವಿಯೊಫೊ ಎ119 ಮಿನಿ 2 ನೋಡಿ: ಐಎಂಎಕ್ಸ್675, ಕೆಪ್ಯಾಸಿಟರ್, ಜಿಪಿಎಸ್ ಮೂರೂ ಇವೆ. ಬೆಲೆ ಬಜೆಟ್ ದಾಟಿದರೆ ಅಥವಾ ಎರಡೂ ಕಡೆ ಬೇಕೆಂದರೆ ಕ್ಯೂಬೊ, 70ಮೈ, ಡಿಡಿಪೈ ಇವುಗಳ 1440ಪಿ ಜೋಡಿಗಳಲ್ಲಿ ಮೇಲಿನ ಮೂರು ಅಂಶ ಒಂದೊಂದಾಗಿ ಟಿಕ್ ಮಾಡುತ್ತಾ ಹೋಗಿ.

ಕಡೆಗೆ, ಏನಾದರೂ ಆದ ದಿನ. ಗಾಡಿ ನಿಲ್ಲಿಸಿ, ಕ್ಯಾಮೆರಾ ಆಫ್ ಮಾಡಿ, ಕಾರ್ಡ್ ಹೊರಗೆ ತೆಗೆಯಿರಿ. ಓಡುತ್ತಲೇ ಇದ್ದರೆ ಅದು ಹಳೆಯದರ ಮೇಲೆ ಬರೆಯುತ್ತದೆ. ವಾಟ್ಸ್ಯಾಪಿನಲ್ಲಿ ಕಳಿಸಿದ ವಿಡಿಯೊ ಕುಗ್ಗಿಹೋಗಿ ಪ್ಲೇಟ್ ಮಸುಕಾಗುತ್ತದೆ, ಮೂಲ ಫೈಲನ್ನೇ ನಕಲು ಮಾಡಿ. ಕಾರ್ಡನ್ನು ಹಾಗೇ ಎತ್ತಿಟ್ಟು ಕ್ಯಾಮೆರಾಕ್ಕೆ ಬೇರೆಯದು ಹಾಕಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲಿನಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಆ ಫೈಲನ್ನು ಒಂದು ಸೆಕೆಂಡ್ ಕತ್ತರಿಸಿ ಮತ್ತೆ ಉಳಿಸಿದರೂ ಹ್ಯಾಶ್ ಬದಲಾಗುತ್ತದೆ. ಪೊಲೀಸರಿಗೂ ವಿಮೆಯವರಿಗೂ ಕತ್ತರಿಸದ ಫೈಲನ್ನೇ ಪೆನ್‌ಡ್ರೈವಿನಲ್ಲಿ ಕೊಟ್ಟು, ಸ್ವೀಕೃತಿ ಬರೆಸಿಕೊಳ್ಳಿ.