ಹಾರ್ಡ್ ಡಿಸ್ಕಿಗೆ ವಾಟರ್ ಕೂಲಿಂಗ್ ಬೇಕಾ? ಸುರಂಗದ ನೀರು ಆಗುತ್ತದಾ?

ನೀವು ಕೇಳಿದ್ದು ಇಷ್ಟು. ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ನೀವೇ ಜೋಡಿಸಿದ ಕಂಪ್ಯೂಟರಿನಲ್ಲಿ ನಾಲ್ಕು ಹಾರ್ಡ್ ಡಿಸ್ಕ್ ಇದೆ, ಬೇಸಿಗೆಯಲ್ಲಿ 48 ಡಿಗ್ರಿ ತೋರಿಸುತ್ತದೆ. ಪ್ರೊಸೆಸರಿಗೆ ಹೇಗೂ ವಾಟರ್ ಕೂಲಿಂಗ್ (ಪೈಪಿನಲ್ಲಿ ನೀರು ಸುತ್ತಿಸಿ ಬಿಸಿ ಹೊರಹಾಕುವ ವ್ಯವಸ್ಥೆ) ಹಾಕುತ್ತೀರಿ, ಡಿಸ್ಕುಗಳನ್ನೂ ಅದಕ್ಕೇ ಸೇರಿಸಬಹುದಾ? ಇಲ್ಲವಾದರೆ ತೋಟದ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು) ನೀರನ್ನೇ ಪೈಪಿನಲ್ಲಿ ಹಾಯಿಸಬಹುದಾ?

ಎರಡೂ ಬೇಡ. ಒಂದು ಫ್ಯಾನ್ ಸಾಕು.

ನನ್ನ ಮನೆ ಬದಿಯಡ್ಕದ ಹತ್ತಿರ. ತಂದೆಯವರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟ ತಾಳಮದ್ದಳೆಗಳನ್ನು ಆರು ವರ್ಷದಿಂದ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ನನ್ನಲ್ಲೂ ನಾಲ್ಕೇ ಡಿಸ್ಕ್. ಹಾಗಾಗಿ ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ.

3.5 ಇಂಚಿನ ಡಿಸ್ಕ್ ಓದಿ ಬರೆಯುವಾಗ ತೆಗೆದುಕೊಳ್ಳುವುದು ಸುಮಾರು 6ರಿಂದ 10 ವ್ಯಾಟ್. ನಾಲ್ಕೂ ಸೇರಿದರೆ ಹಳೆಯ 40 ವ್ಯಾಟಿನ ಬಲ್ಬಿನಷ್ಟು ಬಿಸಿ. ಅದೂ ಅಲ್ಯುಮಿನಿಯಂ ಮೈಯಲ್ಲೆಲ್ಲ ಹರಡಿಕೊಂಡಿರುತ್ತದೆ. ಪ್ರೊಸೆಸರ್ ಹಾಗಲ್ಲ. ಉಗುರಿನಷ್ಟು ಅಗಲದ ಚಿಪ್ಪಿನಲ್ಲಿ 100 ವ್ಯಾಟ್ ದಾಟಬಹುದು, ಅದಕ್ಕೇ ಅಲ್ಲಿ ನೀರು ಉಪಯೋಗಕ್ಕೆ ಬರುವುದು. ಡಿಸ್ಕಿನ ಮೈಗೆ ಸ್ವಲ್ಪ ಗಾಳಿ ಆಡಿದರೆ ಆಯಿತು.

ಪ್ರೊಸೆಸರಿನ ನೀರು ಸುತ್ತುವ ಲೂಪಿಗೇ ಡಿಸ್ಕುಗಳನ್ನೂ ಸೇರಿಸಿದರೆ ಇನ್ನೊಂದು ತೊಂದರೆ. ಏಪ್ರಿಲಿನಲ್ಲಿ ನಮ್ಮ ಕೋಣೆಯೇ 33 ಡಿಗ್ರಿ. ಪ್ರೊಸೆಸರ್ ಜೋರಾಗಿ ಕೆಲಸ ಮಾಡುವಾಗ ಲೂಪಿನ ನೀರು 42, 43ಕ್ಕೆ ಏರಬಹುದು. ಗಾಳಿಯಲ್ಲೇ 40ರಲ್ಲಿ ಇರಬಹುದಾದ ಡಿಸ್ಕಿಗೆ 43ರ ನೀರು ಕೊಟ್ಟ ಹಾಗಾಯಿತು, ಅಲ್ವಾ? 2000ರ ದಶಕದಲ್ಲಿ ಹಾರ್ಡ್ ಡಿಸ್ಕಿಗೆಂದೇ ವಾಟರ್ ಬ್ಲಾಕ್ (ಒಳಗೆ ನೀರು ಹರಿಯುವ ಲೋಹದ ತುಂಡು) ಮಾರುತ್ತಿದ್ದರು. ಡಿಸ್ಕನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಸದ್ದು ಅಡಗಿಸುವವರಿಗೆ ಅದು ಉಪಯೋಗಕ್ಕೆ ಬರುತ್ತಿತ್ತು. ನಿಮಗೆ ಆ ಅಗತ್ಯ ಇಲ್ಲ.

ಇನ್ನು ಸುರಂಗದ ನೀರು. ಈ ಯೋಚನೆ ನನಗೂ ಬಂದಿತ್ತು. ವರ್ಷವಿಡೀ ತನ್ನಷ್ಟಕ್ಕೆ ಹರಿದು ಬರುವ ತಣ್ಣನೆಯ ನೀರು, ಪಂಪ್ ಕೂಡ ಬೇಡ. ಒಂದು ಮೇ ತಿಂಗಳ ಮಧ್ಯಾಹ್ನ ಸ್ಟೀಲ್ ಚೆಂಬಿನಲ್ಲಿ ತಂದು ಜಗಲಿಯಲ್ಲಿಟ್ಟು ಅಳೆದೆ. 25 ಡಿಗ್ರಿ ಇತ್ತು. ಹತ್ತು ನಿಮಿಷದಲ್ಲಿ ಚೆಂಬಿನ ಮೈಯೆಲ್ಲ ಮಂಜಾಯಿತು, ಬೆರಳಿನಲ್ಲಿ ಗೆರೆ ಎಳೆದರೆ ನೀರು ಇಳಿಯುತ್ತಿತ್ತು. ನಮ್ಮ ಕಡೆಯ ಗಾಳಿಯಲ್ಲಿ ತೇವ ಅಷ್ಟಿದೆ. ಆ ಬೆವರು ಡಿಸ್ಕಿನ ಕೆಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂತರೆ ಏನಾಗುತ್ತದೆ ಯೋಚಿಸಿ. ಮಾಮೂಲಿ ವಾಟರ್ ಕೂಲಿಂಗಿನಲ್ಲಿ ನೀರು ಕೋಣೆಗಿಂತ ತಣ್ಣಗಾಗುವುದಿಲ್ಲ, ಆದ್ದರಿಂದ ಬೆವರುವುದೂ ಇಲ್ಲ. ಮತ್ತೆ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮಧ್ಯೆ ಬರುವ ನೀರಿನಲ್ಲಿ ಕೆಂಪು ಮಣ್ಣು ಇದ್ದೇ ಇರುತ್ತದೆ. ತೋಟದ ಡ್ರಿಪ್ ಪೈಪಿನ ತೂತು ಕಟ್ಟಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ವಾಟರ್ ಬ್ಲಾಕಿನ ಸಂದುಗಳು ಅದಕ್ಕಿಂತ ಸಣ್ಣವು. ಸುರಂಗದ ನೀರು ಅಡಿಕೆಗೇ ಇರಲಿ.

48 ಡಿಗ್ರಿ ಅಪಾಯವಾ ಅಂತಲೂ ಕೇಳಿದ್ದೀರಿ. ಹೆಚ್ಚಿನ ಡಿಸ್ಕುಗಳಿಗೆ ಕಂಪನಿಯವರೇ 60ರ ತನಕ ಒಪ್ಪುತ್ತಾರೆ. 2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕುಗಳ ಲೆಕ್ಕ ಹೊರಗಿಟ್ಟರು. ಬಿಸಿಗೂ ಕೆಡುವುದಕ್ಕೂ ಎಲ್ಲರೂ ಅಂದುಕೊಂಡಷ್ಟು ನಂಟು ಅದರಲ್ಲಿ ಕಾಣಲಿಲ್ಲ. ತೀರಾ ತಣ್ಣಗಿದ್ದ ಡಿಸ್ಕುಗಳೇ ಹೆಚ್ಚು ಕೆಟ್ಟಿದ್ದವು. ಆದರೆ ಮೂರು ವರ್ಷ ದಾಟಿದವುಗಳಲ್ಲಿ 45ರ ಮೇಲೆ ಹೋದವು ಜಾಸ್ತಿ ಕೆಟ್ಟಿದ್ದವು. ಹಾಗಾಗಿ ನಿಮ್ಮದನ್ನು 40ರ ಆಸುಪಾಸಿಗೆ ಇಳಿಸುವುದು ಒಳ್ಳೆಯದು. ನಾನು ಡಿಸ್ಕುಗಳ ನಡುವೆ ಒಂದೊಂದು ಖಾನೆ ಖಾಲಿ ಬಿಟ್ಟು, ಮುಂದೆ 120 ಎಂಎಂ ಫ್ಯಾನ್ ಕೂರಿಸಿದೆ. ನಿಧಾನಕ್ಕೆ ತಿರುಗುತ್ತದೆ, ಸದ್ದೇ ಇಲ್ಲ. 49 ಇದ್ದದ್ದು 40ಕ್ಕೆ ಇಳಿಯಿತು. ಡಿಸ್ಕಿನ ಮೈಮೇಲೆ ಮುಚ್ಚಬೇಡಿ ಎಂದು ಬರೆದ ಸಣ್ಣ ತೂತು ಇದ್ದರೆ ಅದಕ್ಕೆ ಏನೂ ಅಂಟಿಸಬೇಡಿ, ಅದು ಒಳಗಿನ ಗಾಳಿಯ ಒತ್ತಡ ಸರಿದೂಗಿಸಲು ಇಟ್ಟದ್ದು.

ಜೋರು ಮಳೆಯ ಆಟಿ ತಿಂಗಳಲ್ಲಂತೂ ಡಿಸ್ಕ್ ಸ್ವಲ್ಪ ಬಿಸಿ ಇರುವುದೇ ಬೇಕು. ವಾರಗಟ್ಟಲೆ ಸುಮ್ನೆ ಆಫ್ ಮಾಡಿ ಇಡಬೇಡಿ. ದಿನಕ್ಕೆ ಒಂದು ಗಂಟೆ ಓಡಿಸಿದರೆ ಒಳಗಿನ ತೇವ ಆರುತ್ತದೆ.

ನನಗೆ ಹೋದದ್ದು ಒಂದೇ ಡಿಸ್ಕ್. ಹೋದದ್ದು ಸಿಡಿಲಿಗೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ, ಮಳೆ ಇನ್ನೂ ಬಿದ್ದಿರಲಿಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆದಿದ್ದೆ, ಇಂಟರ್ನೆಟ್ಟಿನ ತಾಮ್ರದ ಕೇಬಲ್ ತೆಗೆದಿರಲಿಲ್ಲ. ತೋಟದಾಚೆ ತೆಂಗಿನ ಮರಕ್ಕೆ ಬಡಿಯಿತು. ಮೋಡೆಮ್, ಮದರ್‌ಬೋರ್ಡ್, ಒಂದು ಡಿಸ್ಕ್ ಒಟ್ಟಿಗೆ ಹೋದವು. ಆ ಡಿಸ್ಕಿನಲ್ಲಿ ನಲ್ವತ್ತು ಕ್ಯಾಸೆಟ್ಟಿನ ಕೆಲಸ ಇತ್ತು. ಪುನಃ ಇಳಿಸೋಣವೆಂದು ನೋಡಿದರೆ ಹನ್ನೊಂದು ಕ್ಯಾಸೆಟ್ಟಿಗೆ ಬೂಸು ಹಿಡಿದಿತ್ತು. ಅವುಗಳಲ್ಲಿ ತಂದೆಯವರೇ ಅರ್ಥ ಹೇಳಿದ ಒಂದು ಪ್ರಸಂಗವೂ ಇತ್ತು. ಅದು ಈಗ ಎಲ್ಲೂ ಇಲ್ಲ.

ಆದ್ದರಿಂದ ವಾಟರ್ ಬ್ಲಾಕಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಒಂದು ಯುಪಿಎಸ್, ಒಂದು ಎಕ್ಸ್‌ಟರ್ನಲ್ ಡಿಸ್ಕ್ ತೆಗೆದುಕೊಳ್ಳಿ. ಕಾಪಿ ಮಾಡಿ ಬೇರೆ ಮನೆಯಲ್ಲಿಡಿ. ನನ್ನದು ಪುತ್ತೂರಿನ ಅಕ್ಕನ ಮನೆಯ ಕಪಾಟಿನಲ್ಲಿದೆ, ಮೂರು ತಿಂಗಳಿಗೊಮ್ಮೆ ಬದಲಿಸುತ್ತೇನೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಟೆಂಪರೇಚರ್ ಜೊತೆಗೆ ಕೆಟ್ಟ ಸೆಕ್ಟರುಗಳ (ಡಿಸ್ಕಿನಲ್ಲಿ ಮಾಹಿತಿ ಕೂರುವ ಸಣ್ಣ ತುಂಡುಗಳ) ಸಾಲನ್ನೂ ನೋಡುತ್ತಿರಿ. 05 ಮತ್ತು ಸಿ5 ಎಂಬ ಸಾಲುಗಳು ಸೊನ್ನೆಯಲ್ಲಿರಬೇಕು. ಅವು ಏರತೊಡಗಿದರೆ, ಡಿಸ್ಕ್ 35 ಡಿಗ್ರಿಯಲ್ಲಿದ್ದರೂ ಆ ದಿನವೇ ಎಲ್ಲ ಕಾಪಿ ಮಾಡಿಕೊಳ್ಳಿ.

ನಿಮ್ಮ ಕೇಸಿನಲ್ಲಿ ಡಿಸ್ಕುಗಳ ಮುಂದೆ ಫ್ಯಾನ್ ಕೂರಿಸಲು ಜಾಗ ಇದೆಯಾ ನೋಡಿ ತಿಳಿಸಿ. ಇಲ್ಲದಿದ್ದರೆ ಪಕ್ಕದ ಬಾಗಿಲಿನಲ್ಲಿ ಕೂರಿಸುವ ದಾರಿ ಇದೆ, ಬರೆದು ಹೇಳುತ್ತೇನೆ.